ಆರನೆಯ ಓಟ

ಹುಲಿಕುಂಟೆಯಂಥ ಊರಿನ ಶಾಲೆಯ ಬಯಲಿನಲ್ಲಿ ಖೊ-ಖೊ ನೋಡುತ್ತ ನಿಂತವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅಟ್ಟುವವನು ಕೆಲವು ಸೆಕೆಂಡು ಮೈಯ ಬಲವನ್ನೆಲ್ಲ ಸುರಿದು ಓಡುತ್ತಾನೆ. ‘ಖೊ’ ಕೊಟ್ಟು ಕುಳಿತು ತುಸು ಉಸಿರಾಡುತ್ತಾನೆ. ಬೆನ್ನ ಹಿಂದೆ ‘ಖೊ’ ಕೇಳಿದೊಡನೆ ಮತ್ತೆ ಎದ್ದು ಓಡುತ್ತಾನೆ. ಇಂಥ ಆಟಕ್ಕೆ ತಂಡವನ್ನು ಆರಿಸುವಾಗ ನೂರು ಮೀಟರಿನ ಒಂದೇ ಓಟವನ್ನು ನೋಡಿ ತೀರ್ಪು ಕೊಟ್ಟರೆ ಅದು ನ್ಯಾಯವಾಗದೆಂದು ನಾವು ಭಾವಿಸುತ್ತೇವೆ. ಮೊದಲನೆಯ ಓಟ ಹೇಳದಿರುವುದನ್ನು ಆರನೆಯ ಓಟ ಹೇಳುತ್ತದೆ.

ಕಾರಣ ಸ್ನಾಯುವಿನಲ್ಲಿದೆ. ಬಿರುಸಿನ ಓಟಕ್ಕೆ ಒಡನೆಯೇ ಶಕ್ತಿಯನ್ನೊದಗಿಸುವ ದ್ರವ್ಯಗಳಲ್ಲಿ ಫಾಸ್ಫೋಕ್ರಿಯಾಟಿನ್ ಮುಖ್ಯವಾದುದು. ಆರು ಸೆಕೆಂಡಿನ ಓಟದಲ್ಲಿ ಅದರ ಅರ್ಧದಷ್ಟು ವ್ಯಯವಾಗಬಹುದು. ಅದು ಮರಳಿ ತುಂಬಿಕೊಳ್ಳಲು ಆಮ್ಲಜನಕ ಬೇಕು, ಕಾಲವೂ ಬೇಕು. ಪೂರ್ತಿಯಾಗಿ ತುಂಬಲು ಹಲವು ನಿಮಿಷಗಳೇ ಹಿಡಿಯುತ್ತವೆ. ಆದುದರಿಂದ ಚುರುಕಾಗಿ ಓಡುವ ಶಕ್ತಿಯೇ ಬೇರೆ, ಚುರುಕಾಗಿ ಚೇತರಿಸಿಕೊಳ್ಳುವ ಶಕ್ತಿಯೇ ಬೇರೆ.

ಈ ಎರಡನೆಯ ಶಕ್ತಿಯನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಒಂದು ಕ್ರಮ ಹೀಗಿದೆ: ನೆಲಕ್ಕೆ ಸ್ಥಿರವಾಗಿ ನಿಲ್ಲಿಸಿದ ಸೈಕಲ್ಲನ್ನು 6 ಸೆಕೆಂಡು ಪೂರ್ಣಬಲದಿಂದ ತುಳಿಯುವುದು, 24 ಸೆಕೆಂಡು ಬಿಡುವು, ಹೀಗೆ ಐದು ಸಲ. ಪ್ರತಿ ಸಲ ಹೊಮ್ಮಿದ ಸಾಮರ್ಥ್ಯವನ್ನು ಯಂತ್ರ ವ್ಯಾಟುಗಳಲ್ಲಿ ದಾಖಲಿಸುತ್ತದೆ. ಓಟದಲ್ಲಾದರೆ ಬೆಳಕಿನ ಕಿರಣವನ್ನು ಓಟಗಾರ ಕಡಿದಾಗ ಗಡಿಯಾರ ನಿಲ್ಲುತ್ತದೆ. ಒಟ್ಟು ಕಾಲವನ್ನು ಅತ್ಯುತ್ತಮ ಓಟದ ಕಾಲದೊಡನೆ ಹೋಲಿಸಿ ಶೇಕಡಾ ಕುಸಿತವನ್ನು ಲೆಕ್ಕಹಾಕುತ್ತಾರೆ.

ಇಲ್ಲಿಯೇ ಎಚ್ಚರ ಬೇಕು. ಒಂದು ಕಲ್ಪಿತ ಉದಾಹರಣೆ ನೋಡೋಣ. 30 ಮೀಟರಿನ ಆರು ಓಟಗಳಲ್ಲಿ ರಾಮನಿಗೆ ಮೊದಲು 4.5 ಸೆಕೆಂಡು, ಬಳಿಕ ಪ್ರತಿ ಸಲವೂ 0.1 ಸೆಕೆಂಡು ಹೆಚ್ಚುತ್ತ ಕಡೆಗೆ 5.0 ಸೆಕೆಂಡು ಹಿಡಿಯಿತು. ಭೀಮನಿಗೆ ಆರು ಸಲವೂ 5.2 ಸೆಕೆಂಡು. ರಾಮನ ಕುಸಿತ ಶೇಕಡಾ 5.6, ಭೀಮನದು ಸೊನ್ನೆ. ಆದರೂ ರಾಮನ ಅತ್ಯಂತ ನಿಧಾನವಾದ ಓಟವೇ ಭೀಮನ ಓಟಕ್ಕಿಂತ ವೇಗವಾದುದು! ಒಟ್ಟು ಕಾಲ, ಕುಸಿತ, ಎರಡನ್ನೂ ನೋಡದೆ ತೀರ್ಮಾನಿಸಲಾಗದು. ಭೀಮನು ಬಲವನ್ನು ಕಾದಿರಿಸಿಕೊಂಡು ಓಡಿದನೋ ಎಂಬುದನ್ನೂ ಪರೀಕ್ಷಿಸಬೇಕು. ಇಷ್ಟಾದರೂ ಕಂಬವನ್ನು ಸುತ್ತಿ ತಿರುಗುವ ಜಾಣ್ಮೆಯನ್ನು ಸೈಕಲ್ಲು ಅಳೆಯದು.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೊ-ಖೊ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಬಯಲಿನಲ್ಲಿ ಪ್ರತಿಭೆಗೆ ಬರವಿಲ್ಲ. ಅಳೆಯುವ ಸಾಧನಗಳಿಗೆ ಬರವಿದೆ. ಕೈಗಡಿಯಾರದಲ್ಲಿ ಬೆರಳಿನ ತಡವೇ ಸೆಕೆಂಡಿನ ಒಂದೆರಡು ದಶಾಂಶವಾಗಿ, ನಾವು ಹುಡುಕುವ ವ್ಯತ್ಯಾಸವನ್ನೇ ನುಂಗಿಬಿಡಬಹುದು. ಆದುದರಿಂದ ತಾಲ್ಲೂಕಿಗೊಂದಾದರೂ ಬೆಳಕಿನ ಗಡಿಯಾರವಿರಲಿ. ಅದು ಬರುವವರೆಗೆ, ವಿದ್ಯಾರ್ಥಿಗಳೇ, ಒಂದೇ ಓಟದಲ್ಲಿ ಹಿಂದೆ ಬಿದ್ದ ಗೆಳೆಯನನ್ನು ಕೈಬಿಡದಿರಿ. ಇನ್ನೂ ಐದು ಸಲ ಓಡಿಸಿ ನೋಡಿ.