ದಾರಿ ಉಳಿಯಬೇಕಾದರೆ ನೀರಿಗೆ ದಾರಿ ಬೇಕು

ಮೃಗಶಿರ ಮಳೆ ಹಿಡಿದ ಎಂಟು ಹತ್ತು ದಿನಗಳಲ್ಲಿ ಮಲೆನಾಡಿನ ಹಳ್ಳಗಳೆಲ್ಲ ಕೆಂಪಾಗುತ್ತವೆ. ಆ ಕೆಂಪಿನಲ್ಲಿ ಗುಡ್ಡದ ಮಣ್ಣಿದೆ, ತೋಟದ ಮಣ್ಣಿದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಅದರಲ್ಲಿ ಮನೆಮನೆಯ ದಾರಿಯ ಮಣ್ಣೂ ಸೇರಿದೆ ಎಂಬುದನ್ನು ಗಮನಿಸಿದವರು ಕಡಿಮೆ. ಡಾಂಬರು ರಸ್ತೆಯಿಂದ ಕವಲೊಡೆದು, ಬೆಟ್ಟದ ಮಗ್ಗುಲನ್ನು ಬಳಸಿ, ಒಂಟಿಮನೆಯ ಅಂಗಳ ಮುಟ್ಟುವ ಗರಸಿನ ದಾರಿ ಯಾವ ಇಲಾಖೆಯ ಲೆಕ್ಕದಲ್ಲಿಯೂ ಇಲ್ಲ. ಅದನ್ನು ಮಾಡಿಸಿದವರು ಮನೆಯವರು, ದುರಸ್ತಿ ಮಾಡಿಸುವವರೂ ಅವರೇ. ಹಾಗಾಗಿ ಅದು ಕೊಚ್ಚಿಹೋದರೆ ಅದೊಂದು ಖಾಸಗಿ ನಷ್ಟವೆಂದು ಭಾವಿಸುವುದು ರೂಢಿ. ಕೆಳಗಿನ ತೋಟದ ಕಾಲುವೆಯಲ್ಲಿ ತುಂಬುವ ಹೂಳು ಮಾತ್ರ ಖಾಸಗಿಯಾಗಿ ಉಳಿಯುವುದಿಲ್ಲ.

ದಾರಿಯೇ ಬೇಡವೆಂದು ಹೇಳುವುದು ಸುಲಭ. ಹಾಗೆ ಹೇಳುವವರು ಸಾಮಾನ್ಯವಾಗಿ ದಾರಿಯಿರುವ ಊರಿನವರು. ಜೋರು ಮಳೆಯಲ್ಲಿ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತಂದ ನೆನಪು ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿದೆ. ಶಾಲೆಗೆ ಹೋಗುವ ಮಕ್ಕಳಿಗೆ, ಅಡಿಕೆ ಸಾಗಿಸುವ ಬೆಳೆಗಾರನಿಗೆ, ಹಾಲಿನ ಕ್ಯಾನು ಹೊರುವ ಹೆಣ್ಣುಮಗಳಿಗೆ ದಾರಿ ಬೇಕೇ ಬೇಕು. ಪ್ರಶ್ನೆ ಇರುವುದು ದಾರಿಯನ್ನು ಹೇಗೆ ಕಾಪಾಡಲಾಗುತ್ತಿದೆ ಎಂಬಲ್ಲಿ.

ಈಗಿನ ಪದ್ಧತಿ ಹೀಗಿದೆ. ಮಳೆಗಾಲದಲ್ಲಿ ದಾರಿ ಕೊರಕಲು ಬೀಳುತ್ತದೆ. ಬೇಸಿಗೆಯಲ್ಲಿ ಏಳೆಂಟು ಟನ್ ತೂಗುವ ಅಗೆಯುವ ಯಂತ್ರವನ್ನು ಗಂಟೆಯ ಲೆಕ್ಕದಲ್ಲಿ ಕರೆಸಲಾಗುತ್ತದೆ. ಅದು ಕೊರಕಲಿನ ಆಳಕ್ಕೆ ಸರಿಯಾಗಿ ಇಡೀ ದಾರಿಯನ್ನು ಕೆರೆದು, ಸಡಿಲಾದ ಮಣ್ಣನ್ನು ಇಳಿಜಾರಿನ ಅಂಚಿಗೆ ತಳ್ಳಿ ಹೋಗುತ್ತದೆ. ನೋಡಲು ದಾರಿ ಚೊಕ್ಕವಾಗಿರುತ್ತದೆ. ಆದರೆ ಅದು ಹಿಂದಿನ ವರ್ಷಕ್ಕಿಂತ ಒಂದು ಗೇಣು ಕೆಳಗಿಳಿದಿರುತ್ತದೆ. ಹತ್ತು ವರ್ಷ ಹೀಗೆ ನಡೆದರೆ ಎರಡೂ ಬದಿಯ ನೆಲ ಎತ್ತರವಾಗಿ, ನಡುವೆ ದಾರಿಯೆಂಬ ಅಗಳು ಉಳಿಯುತ್ತದೆ. ಒಮ್ಮೆ ಒಳಗೆ ಇಳಿದ ನೀರಿಗೆ ಹೊರಹೋಗಲು ಎಡೆಯಿಲ್ಲದೆ ಅದು ದಾರಿಯುದ್ದಕ್ಕೂ ಓಡುತ್ತದೆ. ಆಗ ಜನ ದಾರಿ ಹಳ್ಳವಾಯಿತೆಂದು ಮಳೆಯನ್ನು ದೂರುತ್ತಾರೆ. ವಾಸ್ತವದಲ್ಲಿ ಹಳ್ಳವನ್ನು ತೋಡಿದ್ದು ಮಳೆಯೊಂದೇ ಅಲ್ಲ.

ಇದರ ಗಾತ್ರವನ್ನು ಅರಿಯಲು ಸಣ್ಣದೊಂದು ಲೆಕ್ಕ ಸಾಕು. 3 ಮೀಟರ್ ಅಗಲ, 100 ಮೀಟರ್ ಉದ್ದದ ದಾರಿಯ ವಿಸ್ತೀರ್ಣ 300 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಮಳೆಯೆಂದರೆ ಮಲೆನಾಡಿನಲ್ಲಿ ವಿಶೇಷವೇನಲ್ಲ. ಆ ಒಂದು ದಿನ ದಾರಿಯ ಮೇಲೆ ಮಾತ್ರ ಬೀಳುವ ನೀರು 30,000 ಲೀಟರ್. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಕಾಣುವ ಆಗುಂಬೆಯಂಥ ಕಡೆ ಅದೇ ತುಂಡು ದಾರಿಗೆ ಬೀಳುವುದು 21 ಲಕ್ಷ ಲೀಟರಿಗೂ ಹೆಚ್ಚು. ಮೇಲಿನ ಗುಡ್ಡದಿಂದ ಹರಿದು ಬರುವುದು ಬೇರೆ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಅರವತ್ನಾಲ್ಕು ಪಟ್ಟಾಗುತ್ತದೆಂಬುದು ಜಲವಿಜ್ಞಾನದ ಹಳೆಯ ಸೂತ್ರ. ಈ ದಾರಿಯಿಂದ ಒಂದೇ ಒಂದು ಸೆಂಟಿಮೀಟರ್ ಪದರ ತೊಳೆದುಹೋದರೂ ಅದು 3 ಘನ ಮೀಟರ್, ಅಂದರೆ ಸುಮಾರು ನೂರು ಘನ ಅಡಿಯ ಒಂದು ಟ್ರೈಲರ್ ತುಂಬ ಗರಸು. ಅದನ್ನು ತುಂಬಿಸಲು ಮತ್ತೊಂದು ಗುಡ್ಡವನ್ನು ಅಗೆಯಬೇಕು.

ಈಗ ಹಲವು ಹಳ್ಳಿಗಳಲ್ಲಿ ಇಪ್ಪತ್ತರಿಂದ ಮೂವತ್ತು ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರುಗಳಿವೆ. ತೋಟದ ಸಾಲುಗಳ ನಡುವೆ ನುಸುಳಲೆಂದು ಬಂದ ಈ ಯಂತ್ರಗಳ ಹಿಂದಿನ ಮೂರು ಕೊಂಡಿಗಳಿಗೆ ನೇಗಿಲನ್ನು ಸಿಕ್ಕಿಸುವಂತೆಯೇ ಓರೆಗೆ ತಿರುಗಿಸಬಲ್ಲ ಹಿಂಬದಿಯ ಬ್ಲೇಡನ್ನೂ, ಮುಂದೆ ಹಲ್ಲುಗಳಿರುವ ಪೆಟ್ಟಿಗೆ ಬ್ಲೇಡನ್ನೂ ಸಿಕ್ಕಿಸಬಹುದು. ದಾರಿಯ ನಿರ್ವಹಣೆಗೆ ಇವು ದೊಡ್ಡ ಯಂತ್ರಕ್ಕಿಂತ ಯೋಗ್ಯವಾದ ಸಾಧನಗಳು. ಅವುಗಳ ಬಲ ಕಡಿಮೆಯಾಗಿರುವುದೇ ಇಲ್ಲಿ ಗುಣ. ಗುಡ್ಡವನ್ನು ಕಡಿಯುವ ಶಕ್ತಿ ಅವಕ್ಕಿಲ್ಲ. ಸರಿದ ಗರಸನ್ನು ಮರಳಿ ಅದರ ಜಾಗಕ್ಕೆ ತರುವ ಶಕ್ತಿ ಧಾರಾಳವಾಗಿದೆ.

ಆದರೆ ಬ್ಲೇಡು ಕೈಗೆ ಬಂದ ಮಾತ್ರಕ್ಕೆ ಕೆಲಸ ಬಂದಂತಲ್ಲ. ದಾರಿಯನ್ನು ಮಟ್ಟಸ ಮಾಡುವುದೇ ಗುರಿಯೆಂದು ತಿಳಿದವರು ಮೊದಲ ಹೆಜ್ಜೆಯಲ್ಲೇ ತಪ್ಪುತ್ತಾರೆ. ಗರಸಿನ ದಾರಿ ಎಂದಿಗೂ ಮಟ್ಟಸವಾಗಿರಬಾರದು. ಆಮೆಯ ಬೆನ್ನಿನಂತೆ ಅದರ ನಡು ಉಬ್ಬಿರಬೇಕು. ಒಂದು ಮೀಟರಿಗೆ 4 ಸೆಂಟಿಮೀಟರ್ ಇಳಿತ ಸಾಕು. 3 ಮೀಟರ್ ಅಗಲದ ದಾರಿಯಲ್ಲಿ ನಡುಭಾಗ ಅಂಚಿಗಿಂತ 6 ಸೆಂಟಿಮೀಟರ್ ಎತ್ತರವಿದ್ದರೆ ನೀರು ಚಕ್ರದ ಜಾಡಿನಲ್ಲಿ ನಿಲ್ಲದೆ ಬದಿಗೆ ಜಾರುತ್ತದೆ. ಗುಂಡಿಗೆ ಮಣ್ಣು ಸುರಿದು ಮುಚ್ಚುವುದೂ ವ್ಯರ್ಥ ಶ್ರಮವೇ. ಗುಂಡಿಯ ಗಟ್ಟಿ ಬಟ್ಟಲು ಹಾಗೆಯೇ ಉಳಿಯುವುದರಿಂದ ಎರಡು ಮಳೆಗೆ ಅದೇ ಜಾಗದಲ್ಲಿ ಅದೇ ಗುಂಡಿ ಎದ್ದು ಬರುತ್ತದೆ. ಪೆಟ್ಟಿಗೆ ಬ್ಲೇಡಿನ ಹಲ್ಲುಗಳಿಂದ ಗುಂಡಿಯ ತಳದವರೆಗೂ ಮೇಲ್ಪದರವನ್ನು ಸಡಿಲಿಸಿ, ಬಳಿಕ ಹರಡಬೇಕು. ಟ್ರ್ಯಾಕ್ಟರಿನ ಮೇಲಿನ ಕೊಂಡಿಯನ್ನು ಗಿಡ್ಡ ಮಾಡಿದರೆ ಹಲ್ಲು ನೆಲಕ್ಕೆ ಇಳಿಯುತ್ತದೆ, ಉದ್ದ ಮಾಡಿದರೆ ಪೆಟ್ಟಿಗೆ ಹಿಂದಕ್ಕೆ ವಾಲಿ ಮಣ್ಣನ್ನು ಸವರುತ್ತದೆ. ಆಮೇಲೆ ಬ್ಲೇಡನ್ನು ಓರೆಗೆ ತಿರುಗಿಸಿ, ಅಂಚಿಗೆ ಸರಿದ ಗರಸನ್ನು ಎರಡೂ ಬದಿಯಿಂದ ನಡುವಿಗೆ ಎಳೆದು ತರಬೇಕು. ಅಂಚಿನಲ್ಲಿ ದಂಡೆಯೊಂದು ಉಳಿದರೆ ಅದೇ ನೀರನ್ನು ದಾರಿಯೊಳಗೆ ತಡೆದು ನಿಲ್ಲಿಸುತ್ತದೆ, ಅದನ್ನು ಬಿಡಬಾರದು. ಮನುಷ್ಯ ನಡೆಯುವ ವೇಗಕ್ಕಿಂತ ಅವಸರ ಬೇಡ. ಅವಸರಿಸಿದರೆ ಬ್ಲೇಡು ಕುಣಿದು ದಾರಿಯುದ್ದಕ್ಕೂ ಅಲೆಯಲೆಯಾಗಿ ಏರುತಗ್ಗು ಬೀಳುತ್ತದೆ.

ಕಾಲದ ಆಯ್ಕೆಯೂ ಮುಖ್ಯ. ಕಡುಬೇಸಿಗೆಯಲ್ಲಿ ಕೆರೆದರೆ ಧೂಳು ಏಳುತ್ತದೆ, ಗರಸು ಕೂಡಿಕೊಳ್ಳುವುದಿಲ್ಲ. ಮುಂಗಾರಿನ ನಡುವೆ ಕೆರೆದರೆ ಸಡಿಲ ಮಣ್ಣೆಲ್ಲ ಹಳ್ಳದ ಪಾಲು. ಮೊದಲ ಅಡ್ಡಮಳೆಗಳು ಬಿದ್ದು ನೆಲ ಹದವಾದಾಗ ಒಮ್ಮೆ, ಮಳೆಗಾಲ ಹಿಂದೆ ಸರಿದು ತೇವ ಆರುವ ಮೊದಲು ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಸಾಕು. ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರಿನ ಚಕ್ರಗಳನ್ನೇ ದಾರಿಯ ಅಗಲಕ್ಕೆಲ್ಲ ಹಾಯಿಸಿ ಅದುಮಬೇಕು. ಹೊಳೆಯ ಉರುಟು ಕಲ್ಲು ಇದಕ್ಕೆ ಒದಗದು. ಅದು ಚಕ್ರದಡಿ ಉರುಳುತ್ತದೆ. ಮೊನಚು ಅಂಚಿನ ಕಲ್ಲು, ಮರಳು, ತುಸು ಜಿಗುಟು ಮಣ್ಣು ಸೇರಿದ ಗರಸು ಮಾತ್ರ ಕಚ್ಚಿಕೊಂಡು ನಿಲ್ಲುತ್ತದೆ.

ಕಡಿದಾದ ಏರಿನಲ್ಲಿ ಉಬ್ಬೊಂದೇ ಸಾಲದು. ಅಲ್ಲಿ ಅಲ್ಲಲ್ಲಿ ಅಗಲವಾದ, ವಾಹನ ದಾಟಬಲ್ಲ ಓರೆ ತಗ್ಗುಗಳನ್ನು ಮಾಡಿ ನೀರನ್ನು ದಾರಿಯಿಂದ ಹೊರಗೆ ಕಳಿಸಬೇಕು. ಹತ್ತು ಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಏರುವ ಕಡೆ ಗರಸು ನಿಲ್ಲುವುದೇ ಕಷ್ಟ. ಚಕ್ರದ ಜಾಡಿನಷ್ಟಕ್ಕೆ ಕಲ್ಲು ಹಾಸುವುದು ಅಥವಾ ಎರಡು ಪಟ್ಟಿ ಕಾಂಕ್ರೀಟು ಹಾಕುವುದು ವಿವೇಕ. ಇಡೀ ದಾರಿಗೆ ಕಾಂಕ್ರೀಟು ಹಾಕಿದರೆ ನೀರು ಇನ್ನಷ್ಟು ವೇಗವಾಗಿ ಓಡಿ ಕೊನೆಯಲ್ಲಿ ಸಿಕ್ಕಿದ್ದನ್ನು ಕೊರೆಯುತ್ತದೆ.

ಹೊರಗೆ ಕಳಿಸಿದ ನೀರು ಎಲ್ಲಿಗೆ ಹೋಗುತ್ತದೆ? ಹೊಣೆಗಾರಿಕೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ನೀರನ್ನು ಹುಲ್ಲು, ಪೊದೆ, ತರಗೆಲೆಯಿರುವ ನೆಲಕ್ಕೆ ಚದುರಿಸಿ ಬಿಡಬೇಕೇ ಹೊರತು ನೆರೆಯವನ ತೋಟದ ನೆತ್ತಿಗೆ ಒಂದೇ ಧಾರೆಯಾಗಿ ಅಲ್ಲ. ಬದಿಗಾಲುವೆಯ ಗರಿಕೆಯನ್ನು ಕೆರೆದು ಬೋಳು ಮಾಡದೆ ಉಳಿಸಿಕೊಂಡರೆ, ಅಂಚಿಗೆ ಲಾವಂಚ ನೆಟ್ಟರೆ, ಮಣ್ಣು ಅಲ್ಲಿಯೇ ತಂಗುತ್ತದೆ. ಇಂಗುಗುಂಡಿ ಒಳ್ಳೆಯದೆಂಬ ಉತ್ಸಾಹದಲ್ಲಿ ಕಡಿದ ಧರೆಯ ನೆತ್ತಿಯ ಮೇಲೆ ಗುಂಡಿ ತೋಡುವುದು ಅಪಾಯಕಾರಿ. ಇಂಗಿದ ನೀರೇ ಧರೆಯನ್ನು ಒಳಗಿನಿಂದ ಸಡಿಲಿಸುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, ಅತಿವೃಷ್ಟಿಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜೀವಗಳು ಹೋದವು. ಮನೆಯ ದಾರಿಯನ್ನು ಹೆದ್ದಾರಿಗೆ ಹೋಲಿಸಲಾಗದು. ಆದರೆ ಬುಡ ಕಡಿದ ಗುಡ್ಡದ ಸ್ವಭಾವ ದಾರಿಯ ಅಗಲವನ್ನು ನೋಡಿ ಬದಲಾಗುವುದಿಲ್ಲ.

ಯಂತ್ರದ ಅಪಾಯವನ್ನೂ ಮರೆಯುವಂತಿಲ್ಲ. ಪುಟ್ಟ ಟ್ರ್ಯಾಕ್ಟರು ಕಿರಿದಾದದ್ದು, ಬೇಗ ಮಗುಚುವಂಥದು. ಇಳಿಜಾರಿಗೆ ಅಡ್ಡಲಾಗಿ ಓಡಿಸದೆ ನೇರವಾಗಿ ಏರಿ ಇಳಿಯಬೇಕು; ಹೊರ ಅಂಚಿನ ಸಡಿಲ ಮಣ್ಣಿನ ಮೇಲೆ ಚಕ್ರ ಇಡಬಾರದು. ಹಿಂದಿನ ಅಚ್ಚಿಗಿಂತ ಎತ್ತರಕ್ಕೆ ಸರಪಳಿ ಕಟ್ಟಿ ಎಳೆದರೆ ಮುಂಭಾಗ ಎದ್ದು ಟ್ರ್ಯಾಕ್ಟರು ಚಾಲಕನ ಮೇಲೆಯೇ ಬೀಳುತ್ತದೆ. ಬ್ಲೇಡಿಗೆ ಭಾರವಾಗಲೆಂದು ಹುಡುಗರನ್ನು ಅದರ ಮೇಲೆ ಕೂರಿಸುವ ಅಭ್ಯಾಸ ಕೂಡಲೇ ನಿಲ್ಲಬೇಕು. ಭಾರಕ್ಕೆ ಕಲ್ಲು ಸಾಲದೇ?

ವರ್ಷಕ್ಕೆ ಎರಡು ದಿನದ ಕೆಲಸಕ್ಕಾಗಿ ಮನೆಗೊಂದು ಬ್ಲೇಡು ಕೊಳ್ಳುವ ಅಗತ್ಯವೂ ಇಲ್ಲ. ಬೇಸಾಯದ ಉಪಕರಣಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆಯಂಥ ಕೇಂದ್ರಗಳಲ್ಲಿ, ಊರಿನ ಸಹಕಾರ ಸಂಘದಲ್ಲಿ, ಒಂದು ಬ್ಲೇಡು ಇದ್ದರೆ ಇಡೀ ಗ್ರಾಮಕ್ಕೆ ಸಾಲುತ್ತದೆ. ಒಂದೇ ದಾರಿಯಲ್ಲಿ ಸಾಲಾಗಿ ಇರುವ ನಾಲ್ಕು ಮನೆಯವರು ಒಂದೇ ದಿನ ಕೂಡಿ ಕೆಲಸ ಮಾಡಿದರೆ, ಮೇಲಿನವನ ನೀರು ಕೆಳಗಿನವನ ಅಂಗಳಕ್ಕೆ ನುಗ್ಗುವ ಹಳೆಯ ಜಗಳವೂ ಅಲ್ಲಿಯೇ ಬಗೆಹರಿದೀತು. ವಿದ್ಯಾರ್ಥಿಗಳಿಗೂ ಇಲ್ಲಿ ಪಾಲಿದೆ. ನೀರು ತುಂಬಿದ ಪಾರದರ್ಶಕ ಕೊಳವೆಯೊಂದಿದ್ದರೆ ದಾರಿಯ ಇಳಿತವನ್ನು ಅಳೆಯಬಹುದು. ಜೋರು ಮಳೆಯ ದಿನ ಕೊಡೆ ಹಿಡಿದು ದಾರಿಯುದ್ದಕ್ಕೂ ನಡೆದು, ನೀರು ಎಲ್ಲಿ ಸೇರುತ್ತದೆ, ಎಲ್ಲಿ ಕೊರೆಯುತ್ತದೆ, ಎಲ್ಲಿ ಕೆಂಪಾಗುತ್ತದೆ ಎಂದು ಬರೆದಿಡಬಹುದು. ಆ ಒಂದು ಪುಟದ ನಕ್ಷೆ ಟ್ರ್ಯಾಕ್ಟರು ಹತ್ತುವವನ ಕೈಯಲ್ಲಿದ್ದರೆ ಬ್ಲೇಡನ್ನು ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಬಾರದು ಎಂಬುದು ಸ್ಪಷ್ಟವಾಗುತ್ತದೆ.

ಹಳಬರು ಸಲಿಕೆ ಹಿಡಿದು, ಮಳೆಯಲ್ಲಿ ನೆನೆಯುತ್ತ, ದಾರಿಯ ನೀರನ್ನು ಅಲ್ಲಲ್ಲಿ ತಿರುವಿ ಬಿಡುತ್ತಿದ್ದರು. ಆ ಸಲಿಕೆಯ ಜಾಗಕ್ಕೆ ಈಗ ಬ್ಲೇಡು ಬಂದಿದೆ. ಸಲಿಕೆ ಹಿಡಿದವನಿಗಿದ್ದ ನೀರಿನ ಅರಿವು ಚಕ್ರ ಹಿಡಿದವನಿಗೂ ಬಂದರೆ, ಮುಂದಿನ ಮೃಗಶಿರಕ್ಕೆ ಹಳ್ಳದ ಕೆಂಪು ಒಂದಿಷ್ಟಾದರೂ ತಿಳಿಯಾದೀತು.