ಹೂತರೆ ಸಾಲ ತೀರೀತೇ?

ಕುವೈತಿನಲ್ಲಿ ಲೆಕ್ಕ ತಪಾಸಣೆ ಮಾಡಿಕೊಂಡಿರುವ ನನಗೆ ಒಂದು ಜಮಾಖರ್ಚು ಒಪ್ಪಿಗೆಯಾಗುತ್ತಿಲ್ಲ. 1991ರಲ್ಲಿ ಹಿಮ್ಮೆಟ್ಟುತ್ತಿದ್ದ ಇರಾಕಿ ಸೇನೆ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ಚೆಲ್ಲಿದ ಎಣ್ಣೆ ಮರಳಲ್ಲಿ ಕೆರೆಯಾಗಿ ನಿಂತಿತು. ಆ ಮಣ್ಣನ್ನು ಅಗೆದು, ಗುಂಡಿಯಲ್ಲಿ ಹೂತು 'ಶುದ್ಧವಾಯಿತು' ಎನ್ನುವುದು, ಬಾರದ ಸಾಲವನ್ನು ಬೇರೆ ಖಾತೆಗೆ ವರ್ಗಾಯಿಸಿ ವಸೂಲಾಯಿತು ಎಂದ ಹಾಗೆ.

ಬುರ್ಗಾನಿನಲ್ಲಿ ತೊಂಬತ್ತರ ದಶಕದಲ್ಲೇ ಕುವೈತ್ ಮತ್ತು ಜಪಾನಿನ ವಿಜ್ಞಾನಿಗಳು ಇಂಥ ಮಣ್ಣಿಗೆ ಮರದ ಚಕ್ಕೆ, ಕಾಂಪೋಸ್ಟು, ಗೊಬ್ಬರ ಬೆರೆಸಿ ನೀರುಣಿಸಿದ್ದರು. ಎಣ್ಣೆ ಗಣನೀಯವಾಗಿ ಇಳಿದಿತ್ತು. ಚಕ್ಕೆಯಿಂದ ಮಣ್ಣಿನಲ್ಲಿ ಗಾಳಿಯಾಡುತ್ತದೆ, ತೇವ ನಿಲ್ಲುತ್ತದೆ. ಸಾರಜನಕ ಸಿಕ್ಕ ಸೂಕ್ಷ್ಮಜೀವಿಗಳು ಎಣ್ಣೆಯನ್ನೇ ತಿನ್ನುತ್ತವೆ. ಅಡಿಕೆ ಬುಡಕ್ಕೆ ಸೊಪ್ಪು ಹೊದಿಸುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕೆ! ಡಾಂಬರಿನಂಥ ಗಟ್ಟಿ ಅಂಶ ಬೇಗ ಕರಗದು, ನಿಜ. ಹೂತದ್ದು ಕರಗುತ್ತದೆಯೇ? ಪರಿಸರ ಪರಿಹಾರವೆಂದು ಬಂದದ್ದು ಸುಮಾರು 300 ಕೋಟಿ ಡಾಲರು. ಮಣ್ಣು ಸಾಗಿಸಿದ ಲಾರಿಗಳ ಬಿಲ್ಲು ಬೇಡ; ಕಿಲೋ ಮಣ್ಣಿನಲ್ಲಿ ಎಣ್ಣೆ ಎಷ್ಟು ಇಳಿಯಿತು, ಆ ವೋಚರು ತೋರಿಸಲಿ.