ನೋಟು ಕೊಟ್ಟವನಿಗೆ ಡಬ್ಬಲ್ ಸುಂಕ

ಹಾಸನ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಶಾಂತಿಗ್ರಾಮದ ಟೋಲ್ ಗೇಟು ಹೊಸದಲ್ಲ. ಅಲ್ಲಿಯ ಲೆಕ್ಕ ಮಾತ್ರ ನಿಂತು ನೋಡುವಂಥದ್ದು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದಾಗ ಅದಿಲ್ಲದವನಿಗೆ ಎರಡು ಪಟ್ಟು ಶುಲ್ಕ ಬಿತ್ತು. 2025ರ ನವೆಂಬರ್ 15ರಿಂದ ನಿಯಮ ಸಡಿಲಿಸಿದರು. ಯಾರಿಗೆ? ಫಾಸ್ಟ್ಯಾಗ್ ಇಲ್ಲದಿದ್ದರೂ ಯುಪಿಐನಲ್ಲಿ ಕಟ್ಟುವವನಿಗೆ ಒಂದೂಕಾಲು ಪಟ್ಟು; ನೋಟು ಹಿಡಿದು ಬಂದವನಿಗೆ ಆಗಲೂ ಅದೇ ಎರಡು ಪಟ್ಟು ಬಿತ್ತು. ಅಂದರೆ ನೂರು ರೂಪಾಯಿ ಸುಂಕಕ್ಕೆ ಒಬ್ಬನಿಗೆ 125, ಇನ್ನೊಬ್ಬನಿಗೆ 200. ರಸ್ತೆ ಒಂದೇ, ತಪ್ಪೂ ಒಂದೇ. ಮೇಲಿನ 75 ರೂಪಾಯಿ ದಂಡ ಜೇಬಿನಲ್ಲಿ ಸ್ಮಾರ್ಟ್ ಫೋನು ಇಲ್ಲದ್ದಕ್ಕೆ. ರಿಸರ್ವ್ ಬ್ಯಾಂಕಿನ ಗವರ್ನರು ಸಹಿ ಹಾಕಿದ ನೋಟಿಗೆ ಈ ಮರ್ಯಾದೆ! ಆಲೂಗೆಡ್ಡೆ ಟೆಂಪೋದವನು ಕೇಳಲಿ ನೋಡೋಣ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ನಾವು ಬಸ್ಸಿನಲ್ಲಿ ಹೋಗುವವರು, ನಮಗೇಕೆ ಈ ಉಸಾಬರಿ ಅನ್ನಬೇಡಿ. ಸರ್ಕಾರಿ ಕೆಲಸಗಳಲ್ಲೂ ಇದೇ ಕಥೆ. ಅರ್ಜಿ ಹಾಕಿದರೆ ಮೊಬೈಲಿಗೆ ಓಟಿಪಿ ಬರುತ್ತೆ. ಯಾರ ಮೊಬೈಲಿಗೆ? ಆಧಾರಿಗೆ ಕೊಟ್ಟಿರೋದು ಮಗನ ನಂಬರು. ಮಗ ಪೀಣ್ಯದ ಫ್ಯಾಕ್ಟರಿಯೊಳಗೆ, ತಾಯಿ ಹೋಬಳಿಯ ಕಿಟಕಿ ಮುಂದೆ. ಅವನು ಫೋನು ಎತ್ತುವಷ್ಟರಲ್ಲಿ ಓಟಿಪಿ ಸತ್ತಿರುತ್ತೆ. ಪಡಿತರ ಅಂಗಡಿಗೆ ಹೋದರೆ ಕಳೆ ಕಿತ್ತು, ಗಾರೆ ಕಲಸಿ ಸವೆದ ಹೆಬ್ಬೆಟ್ಟು ಮಿಷನ್ನಿಗೆ ಹಿಡಿಸೋದಿಲ್ಲ. ಹಿಡಿಸಿದ ದಿನ ಸರ್ವರ್ ಇರೋದಿಲ್ಲ. ಒಂದು ದಿನದ ಕೂಲಿ ಅಲ್ಲಿಗೆ ಹೋಯ್ತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದ ಗಂಡಸರು ಶೇ. 62, ಹೆಂಗಸರು ಶೇ. 35. ಆಮೇಲೆ ಫೋನುಗಳು ಹೆಚ್ಚಿವೆ, ನಿಜ. ಆದರೆ ಮನೆಯ ಫೋನು ಯಾರ ಕೈಯಲ್ಲಿರುತ್ತೆ ಅಂತ ಗೊತ್ತಲ್ಲ! ಗೃಹಲಕ್ಷ್ಮಿ ದುಡ್ಡು ಯಜಮಾನಿಗೆ, ದುಡ್ಡು ಬಂದ ಮೆಸೇಜು ಯಜಮಾನನಿಗೆ.

ಫೋನಿಲ್ಲದೆ ಯೋಜನೆ ನಡೆಯೋದೇ ಇಲ್ಲವೇ? 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿದರು, ಕಂಡಕ್ಟರ್ ಶೂನ್ಯ ಟಿಕೆಟ್ ಕೊಟ್ಟ, ಬಸ್ಸು ಹೊರಟಿತು. ಓಟಿಪಿಯೂ ಇಲ್ಲ, ಹೆಬ್ಬೆಟ್ಟೂ ಇಲ್ಲ. ಕಣ್ಣಿಂದ ನೋಡಿ ನಂಬುವ ಒಬ್ಬ ಮನುಷ್ಯ ಇದ್ದ, ಅಷ್ಟೇ. (ಅಂಗಡಿಯವರಿಗೆ 2025ರ ಜುಲೈ ಮರೆತಿರಲಾರದು. ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟೀಸು ಬಂದಾಗ ಬೆಂಗಳೂರಿನ ಸಣ್ಣ ಅಂಗಡಿಗಳು ‘ಬರೀ ಕ್ಯಾಷ್’ ಬೋರ್ಡು ಹಾಕಿದವು. ಆಗ ಚಿಲ್ಲರೆಗೆ ಪರದಾಡಿದ್ದು ಫೋನಿದ್ದವರು!)

ಕಂಪ್ಯೂಟರು ಬೇಡ ಅಂತ ನಮ್ಮ ವಾದವಲ್ಲ. ಪಹಣಿ ಕಂಪ್ಯೂಟರಿಗೆ ಹೋದಮೇಲೆ ಶಾನುಭೋಗಿಕೆ ಕಾಲದ ಅಲೆದಾಟ ಎಷ್ಟೋ ತಪ್ಪಿತು. ಕಂಪ್ಯೂಟರಿನ ಪಕ್ಕದಲ್ಲಿ ಕಾಗದದ ಅರ್ಜಿ ತಗೊಳ್ಳುವ ಕಿಟಕಿಯೂ ಒಂದಿರಲಿ. ಹೆಬ್ಬೆಟ್ಟು ಹಿಡಿಯದಿದ್ದರೆ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು ಅಕ್ಕಿ ಕೊಡಲಿ. ಪಂಚಾಯ್ತಿ ಗ್ರಂಥಾಲಯಕ್ಕೆ ‘ಅರಿವು ಕೇಂದ್ರ’ ಅಂತ ಹೆಸರಿಟ್ಟಾಯ್ತು. ವಾರಕ್ಕೆ ಎರಡು ಸಂಜೆ ಅಲ್ಲಿ ಪಿಯುಸಿ ಓದುವ ಒಬ್ಬ ಹುಡುಗಿಯನ್ನು ಸಂಬಳ ಕೊಟ್ಟು ಕೂರಿಸಿದರೆ ಊರಿನ ಹೆಂಗಸರು ತಮ್ಮ ಅರ್ಜಿ ತಾವೇ ಹಾಕೋದು ಕಲಿಯುತ್ತಾರೆ. ಅರ್ಜಿ ಹಾಕಿಕೊಡುವ ಕೇಂದ್ರಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಅಂತ ದಪ್ಪ ಅಕ್ಷರದಲ್ಲಿ ಬರೆದು ಹಾಕಲಿ.

ಇವಿಷ್ಟೂ ತಹಸೀಲ್ದಾರರು, ಪಂಚಾಯ್ತಿಯವರು, ಆಹಾರ ಇಲಾಖೆಯವರು ಮನಸ್ಸು ಮಾಡಿದರೆ ಆಗುವಂಥವು. ಟೋಲಿನ ನಿಯಮ ದೆಹಲಿಯದ್ದು. ಅದನ್ನು ಕೇಳಬೇಕಾದವರು ನಮ್ಮ ಸಂಸದರು.